ಅಕ್ಕನಿಗೆ ಕಾಲು ತೋರಿಸಿ ಬಂದದ್ದು

ಕಾಲು ಮುರಿದುಕೊಂಡವನು ಮನೆಯಲ್ಲಿ ಮಲಗಿದ್ದರೂ ಸರಿ, ಬೀದಿಗಿಳಿದರೂ ಸರಿ, ಏನಾದರೊಂದು ನಡೆಯುತ್ತಲೇ ಇರುತ್ತದೆ. ನಾನು ನಿಟ್ಟೂರಿನಲ್ಲಿ ಶಾಲಾ ಮೇಷ್ಟ್ರು. ಶಾಲೆಯ ಮೆಟ್ಟಿಲಲ್ಲೇ ಜಾರಿ ಬಿದ್ದು ಎಡಗಾಲಿಗೆ ಸಿಮೆಂಟ್ ಕಟ್ಟು ಹಾಕಿಸಿಕೊಂಡೆ. "ಇನ್ನೊಂದು ಸಲ ಬಿದ್ರೆ ರಾಡ್ ಹಾಕ್ಬೇಕಾಗುತ್ತೆ" ಎಂದು ಡಾಕ್ಟರು ಹೆದರಿಸಿದ್ದರಿಂದ ಬಟವಾಡಿಯಲ್ಲಿರುವ ನಮ್ಮ ಮನೆಯ ಹೊಸ್ತಿಲು ದಾಟದೆ ಕೂತಿದ್ದೆ. ದಾಟಿಸಿದವಳು ಕುಣಿಗಲ್‌ನಲ್ಲಿರುವ ನನ್ನ ಅಕ್ಕ.

ಸ್ವಲ್ಪ ಏಟು

ನಮ್ಮ ಮನೆತನದಲ್ಲಿ ಕೆಟ್ಟ ಸುದ್ದಿಯನ್ನು ಯಾರೂ ಪೂರ್ತಿ ಹೇಳುವುದಿಲ್ಲ. ಭಾವ ತೀರಿಕೊಂಡಾಗಲೂ ತವರಿಗೆ ಬಂದಿದ್ದ ಅಕ್ಕನಿಗೆ ಹೇಳಿದ್ದು, "ಸ್ವಲ್ಪ ಹುಷಾರಿಲ್ಲ, ಬೇಗ ಬಾ" ಎಂದು. ಅವತ್ತಿನಿಂದ "ಸ್ವಲ್ಪ" ಎಂದರೆ ಅವಳಿಗೆ ನಡುಕ. ನನ್ನ ಹೆಂಡತಿ ಅದನ್ನು ಮರೆತು ಫೋನಿನಲ್ಲಿ, "ಇವ್ರ ಕಾಲಿಗೆ ಸ್ವಲ್ಪ ಏಟಾಗಿದೆ ಅಕ್ಕಾ" ಎಂದುಬಿಟ್ಟಳು. ಕಾಲನ್ನೇ ತೆಗೆದಿದ್ದಾರೆ ಎಂದು ಅಕ್ಕ ತೀರ್ಮಾನಿಸಿದಳು. ಊಟ ಬಿಟ್ಟಳು.

ವಿಡಿಯೋ ಕಾಲ್ ಮಾಡಿ ಕಾಲು ತೋರಿಸಿದೆ.

"ಒಳಗೆ ಏನೈತೋ ಯಾರಿಗ್ಗೊತ್ತು? ಮರದ್ದು ಇಟ್ಟು ಸುತ್ತಿರ್ತೀರಾ."

"ಬೆರಳು ಆಡಿಸ್ತೀನಿ ನೋಡಕ್ಕ."

"ಅದು ಯಾರ ಬೆರಳೋ ಏನೋ."

ಅವ್ವ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅವಳು ಉಪವಾಸವಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಪ್ಯಾಂಟು ಕಟ್ಟಿನ ಮೇಲೆ ಏರದ್ದರಿಂದ ಬಿಳಿ ಪಂಚೆ ಉಟ್ಟು, ಊರುಗೋಲು ಹಿಡಿದು, ಹೆಂಡತಿಯ ಜೊತೆ ಹೊರಟೆ.

ನಡುರಸ್ತೆಯ ವೈದ್ಯರು

ಬಟವಾಡಿಯ ರಸ್ತೆ ದಾಟುವುದು ಎರಡು ಕಾಲಿದ್ದವರಿಗೇ ಕಷ್ಟ. ನನ್ನ ಅವಸ್ಥೆ ನೋಡಿ ಬೈಕಿನವನೊಬ್ಬ ಗಾಡಿ ಅಡ್ಡ ನಿಲ್ಲಿಸಿ ಹಿಂದಿನವರನ್ನೆಲ್ಲ ತಡೆದ. ಪುಣ್ಯಾತ್ಮ ಎಂದುಕೊಂಡೆ. ನಾನು ನಡುರಸ್ತೆಗೆ ಬಂದದ್ದೇ ತಡ, ಅಲ್ಲೇ ಶುರುಮಾಡಿದ. "ಸಿಮೆಂಟ್ ತೆಗೆಸ್ಬುಡಿ ಸಾರ್. ಗುಬ್ಬಿ ಕಡೆ ಸೊಪ್ಪು ಅರ್ದು ಕಟ್ತಾರೆ. ನಂದು ನೋಡಿ." ಅವನ ಪ್ಯಾಂಟು ಮೊಣಕಾಲಿನವರೆಗೆ ಏರಿತು. ಹಿಂದೆ ಹಾರನ್ನುಗಳು ಬೊಬ್ಬಿಡುತ್ತಿದ್ದವು. ಲಾರಿ ಡ್ರೈವರ್ ಕೆಂಡವಾಗಿ ಕಿಟಕಿಯಿಂದ ತಲೆ ಹೊರಹಾಕಿದ. ಬೈಗುಳ ಗ್ಯಾರಂಟಿ ಎಂದು ತಲೆ ತಗ್ಗಿಸಿದೆ.

ಅವನು ಕೇಳಿದ್ದು ಇಷ್ಟು: "ಏನ್ ಸೊಪ್ಪಣ್ಣ ಅದು? ನಮ್ಮಪ್ಪಂಗೂ ಬೇಕಿತ್ತು."

ಬಸ್ಸಿನಲ್ಲಿ ಪಾದಪೂಜೆ

ಬಸ್ಸಿನಲ್ಲಿ ಕಂಡಕ್ಟರ್ ಬಾಗಿಲ ಪಕ್ಕದ ಸೀಟು ಬಿಡಿಸಿಕೊಟ್ಟರು. ಕಾಲು ಮಡಚುವಂತಿಲ್ಲ, ಓಡಾಡುವ ಜಾಗಕ್ಕೇ ಚಾಚಿ ಕೂತೆ. ಹತ್ತುವವರ ಕಾಲೆಲ್ಲ ಅದಕ್ಕೆ ತಗಲುತ್ತಿತ್ತು. ಯಾರಿಗಾದರೂ ನಮ್ಮ ಕಾಲು ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಕಡೆ ರೂಢಿ. ಕಾಲು ತಾಕಿಸಿದ ಪ್ರತಿಯೊಬ್ಬರೂ ನನ್ನ ಕಟ್ಟು ಮುಟ್ಟಿ ಕೈಮುಗಿದು ಮುಂದೆ ಹೋದರು.

ಹೆಬ್ಬೂರಿನಲ್ಲಿ ಹತ್ತಿದ ಅಜ್ಜಿ ಮುಂದಿನವರು ಮಾಡಿದ್ದನ್ನು ನೋಡಿದರು. ನನ್ನ ಬಿಳಿ ಪಂಚೆಯನ್ನೂ ಬೆಳೆದ ಗಡ್ಡವನ್ನೂ ನೋಡಿದರು. ಚೀಲ ಕೆಳಗಿಟ್ಟು, ಎರಡೂ ಕೈಯಿಂದ ಪಾದ ಮುಟ್ಟಿ ನಮಸ್ಕರಿಸಿ ನನ್ನ ಹೆಂಡತಿಯನ್ನು ಕೇಳಿದರು, "ಯಾವ ಮಠದ ಸ್ವಾಮ್ಗಳವ್ವ?"

"ಸ್ವಾಮ್ಗಳಲ್ಲ ಅಜ್ಜಿ, ನಮ್ಮನೆಯವ್ರು."

ಅಜ್ಜಿ ಅವಳ ತಲೆ ಸವರಿದರು. "ಬೇಜಾರ್ ಮಾಡ್ಕೋಬ್ಯಾಡ ಬುಡವ್ವ. ಸಂಸಾರ ಇದ್ದೋರೂ ಸ್ವಾಮ್ಗಳಾಗವ್ರೆ."

ಅಕ್ಕನ ಪರೀಕ್ಷೆ

ಅಕ್ಕ ಬಾಗಿಲಲ್ಲೇ ಕೂತಿದ್ದಳು. ಮುಖ ಬಾಡಿತ್ತು. ನನ್ನ ಮುಖವನ್ನು ನೋಡಲೇ ಇಲ್ಲ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನೆಲದ ಮೇಲೆ ಕೂತು ಕಟ್ಟಿನ ತುದಿಯಲ್ಲಿ ಇಣುಕುತ್ತಿದ್ದ ಬೆರಳುಗಳನ್ನು ಒಂದೊಂದಾಗಿ ಸವರಿದಳು. ಆಮೇಲೆ ಹೆಬ್ಬೆರಳು ಹಿಡಿದು ಬಲವಾಗಿ ಚಿವುಟಿದಳು. ನಾನು ಬೀದಿಗೆ ಕೇಳುವಂತೆ ಕಿರುಚಿದೆ.

"ನೋವಾಯ್ತೇನ್ಲಾ?"

"ಪ್ರಾಣ ಹೋಯ್ತು ಕಣಕ್ಕ."

"ಸದ್ಯ. ನಿಂದೇ ಕಾಲು," ಎಂದು ನನ್ನ ಮೊಣಕಾಲಿಗೆ ಹಣೆಯಿಟ್ಟು ಅತ್ತುಬಿಟ್ಟಳು. ನನಗೂ ತಡೆಯಲಾಗಲಿಲ್ಲ. ಹೆಂಡತಿ ಮೂಗೊರೆಸಿಕೊಳ್ಳುತ್ತಲೇ ಒಳಗೆ ಹೋಗಿ ಮುದ್ದೆ, ಸೊಪ್ಪಿನ ಸಾರು ಬಡಿಸಿಕೊಂಡು ಬಂದಳು.

ಅಕ್ಕ ಒಂದು ತುತ್ತು ಮುರಿದಳು. ಬಾಯಿಗೆ ಇಡುವ ಮೊದಲು ಕೈ ನಿಂತಿತು. ನನ್ನ ಪಂಚೆಯನ್ನೇ ದಿಟ್ಟಿಸಿದಳು.

"ಎಡಗಾಲೇನೋ ಸರಿ ಕಣ್ಲಾ," ಎಂದಳು. "ಎಲ್ಲಿ, ಪಂಚೆ ಎತ್ತು, ಆ ಬಲಗಾಲೂ ಒಂದ್ಸಲ ಚಿವುಟಿ ನೋಡ್ಬುಡ್ತೀನಿ. ಆಮೇಲೆ ಉಣ್ತೀನಿ."