ಮನೆ ಬಾಗಿಲಿಗೆ ಬಂದ ಹಲ್ಲುನೋವು

"ನಿನ್ನ ಕ್ಲಿನಿಕ್ಕನ್ನು ದಂತಕಥೆ ಮಾಡದಿದ್ದರೆ ನನ್ನ ಹೆಸರು ಬದಲಾಯಿಸು!" ಎಂದು ಹೆಂಡತಿಯೆದುರು ಎದೆ ತಟ್ಟಿ ಘೋಷಿಸಿದೆ.

ನನ್ನ ಹೆಂಡತಿ ದಂತವೈದ್ಯೆ. ಕೈ ಬಲು ಹಗುರ. ಅವಳು ಕಿತ್ತದ್ದು ಹಲ್ಲಿಗೇ ಗೊತ್ತಾಗುವುದಿಲ್ಲ. ಆದರೆ ಕ್ಲಿನಿಕ್ಕು ಇರುವುದು ಬಣ್ಣದ ಅಂಗಡಿಯ ಮೇಲಿನ ಮಹಡಿಯಲ್ಲಿ. ಬೋರ್ಡನ್ನು ಎದುರಿನ ಮರ ನುಂಗಿ ನೀರು ಕುಡಿದಿದೆ. ಮುಖ್ಯರಸ್ತೆಯಲ್ಲಿ ಗಾಜಿನ ಹೊಸ ಡೆಂಟಲ್ ಸೆಂಟರ್ ಎದ್ದ ಮೇಲಂತೂ, ರೋಗಿಗಳು ಒರಗಬೇಕಾದ ಕುರ್ಚಿಯಲ್ಲಿ ಇವಳೇ ಒರಗಿ ಪತ್ರಿಕೆ ಓದುವಂತಾಯಿತು.

"ಈ ತಿಂಗಳು ನೋಡ್ತೀನಿ. ಆಮೇಲೆ ಬಾಗಿಲು ಹಾಕಿ, ಆ ಗಾಜಿನವರ ಹತ್ರಾನೇ ಕೆಲಸಕ್ಕೆ ಸೇರ್ತೀನಿ" ಎಂದಳು, ಹಲ್ಲು ಕಚ್ಚಿಕೊಂಡು.

"ಇರು ಕಣೇ! ಈಗ ಹಲ್ಲು ನೋವು ಬಂದ್ರೆ ಜನ ಕೆನ್ನೆ ಹಿಡಿಯೋದಕ್ಕೂ ಮೊದಲು ಫೋನ್ ಹಿಡೀತಾರೆ. ಹುಡುಕಿದಾಗ ನೀನೇ ಮೊದಲು ಕಾಣ್ಬೇಕು, ಅಷ್ಟೇ!"

"ನಿಮಗೆ ಫೋನಿನ ಸದ್ದು ಕಡಿಮೆ ಮಾಡೋಕೇ ಬರಲ್ಲ."

ಅವಮಾನ ನುಂಗಿಕೊಂಡು ಸೋಫಾದ ಮೇಲೆ ತಪಸ್ಸಿಗೆ ಕುಳಿತೆ. ಕ್ಲಿನಿಕ್ಕಿನ ಹೆಸರು, ಸಮಯ, ನಗುವ ಬಾಯಿಗಳ ಫೋಟೊ, ಎಲ್ಲವನ್ನೂ ಆನ್‌ಲೈನ್ ನಕ್ಷೆಗೆ ಏರಿಸಿದೆ. 'ಹುಳುಕು ಹಲ್ಲು', 'ಅಲ್ಲಾಡುವ ಹಲ್ಲು', 'ತಡೆಯಲಾಗದ ನೋವು' ಎಂದು ನೊಂದವರು ಏನೇನು ಹುಡುಕಬಹುದೋ ಅದನ್ನೆಲ್ಲ ತುರುಕಿದೆ. ಹಳೆಯ ರೋಗಿಗಳಿಗೆ ಫೋನ್ ಮಾಡಿ, ನಿಮ್ಮ ಅನುಭವ ನಾಲ್ಕು ಸಾಲು ಬರೆಯಿರಿ ಎಂದು ಗೋಗರೆದೆ. ಅವರೂ ಅವಳ ಹಗುರ ಕೈಯನ್ನು ಬಾಯ್ತುಂಬ ಹೊಗಳಿದರು. ಕೊನೆಗೆ ಫೋನು ಕೇಳಿತು: 'ಈಗ ನೀವಿರುವ ಜಾಗವನ್ನೇ ಗುರುತಿಸಲೇ?' ಆಹಾ, ಎಷ್ಟು ವಿನಯ! 'ಹೌದು' ಒತ್ತಿದೆ.

ಮುಂದಿನ ವಾರ ಒಂದು ಬೆಳಿಗ್ಗೆ, ಹೆಂಡತಿ ಕ್ಲಿನಿಕ್ಕಿಗೆ ಹೋಗಿ ಸ್ವಲ್ಪ ಹೊತ್ತಾಗಿತ್ತು. ಕರೆಗಂಟೆ ಬಡಿದುಕೊಂಡಿತು. ಬಾಗಿಲು ತೆರೆದರೆ ಕೆನ್ನೆ ಊದಿದ ಬಸ್ ಡ್ರೈವರ್! ಅವನ ಹಿಂದೆ ಬಾಯಿಗೆ ಕರ್ಚೀಫು ಒತ್ತಿದ ಟೀಚರಮ್ಮ, ಆಕೆಯ ಹಿಂದೆ ದವಡೆಗೆ ಮಫ್ಲರ್ ಬಿಗಿದ ಅಜ್ಜ, ಅಜ್ಜನ ಹಿಂದೆ ಗೇಟಿನವರೆಗೂ ಸಾಲು! ಸಮುದ್ರವನ್ನು ಮೊದಲ ಸಲ ಕಂಡವನಂತೆ ನಿಂತುಬಿಟ್ಟೆ. ಕಣ್ಣಿಗೆ ಕಾಣದ ಯಾವುದೋ ಶಕ್ತಿ ಊರಿನ ನೋವನ್ನೆಲ್ಲ ಹೆಕ್ಕಿ ತಂದು ನನ್ನ ಹೊಸ್ತಿಲಲ್ಲಿ ಸುರಿದಿತ್ತು! ನನ್ನ ಈ ಬೆರಳು ಒತ್ತಿದ್ದಕ್ಕೆ!

"ಡಾಕ್ಟ್ರು ನೀವೇನಾ?" ಎನ್ನುತ್ತ ಡ್ರೈವರ್ ಬಾಯಿ ತೆರೆದೇಬಿಟ್ಟ. ಒಳಗಿನ ಗುಹೆ ಕಂಡು ನಾನೂ ಬಾಯಿ ತೆರೆದೆ.

ಅಷ್ಟರಲ್ಲಿ ಹೆಂಡತಿಯ ಫೋನು. "ರೀ, ಇಲ್ಲಿಗೆ ಒಂದು ನೊಣಾನೂ ಬಂದಿಲ್ಲ. ಎಲ್ರೀ ನಿಮ್ಮ ಜನ?"

"ನಮ್ಮ ಮನೇಲಿದ್ದಾರೆ ಕಣೇ."

"ಯಾರು?"

"ಎಲ್ಲಾರೂ! ಗುರುತು ಮಾಡುವಾಗ ನಾನು ಸೋಫಾ ಮೇಲಿದ್ದೆ ನೋಡು..."

ಆ ಕಡೆಯಿಂದ ಸಿಡಿಲು. "ಯಾರ ಬಾಯಿಗೂ ಕೈ ಹಾಕ್ಬೇಡಿ! ಹಾಗೇ ಕರ್ಕೊಂಡು ಬನ್ನಿ!"

ಹೊರಟಿತು ಮೆರವಣಿಗೆ. ಮುಂದೆ ನಾನು, ಹಿಂದೆ ದಂತಪಂಕ್ತಿ! ನಾಲ್ಕಾರು ಬೀದಿ ನಡೆಯಬೇಕು, ಪಾಪ, ನೋವು ಮರೆಸಬೇಡವೇ? ಇಂಟರ್‌ನೆಟ್ಟೆಂಬ ಮಹಾಮಾಯೆಯನ್ನು ನಾನು ಒಲಿಸಿಕೊಂಡ ಕಥೆಯನ್ನು ಬುಡದಿಂದ ಬಿಚ್ಚಿದೆ. ಮುಗಿದಾಗ ದಾರಿ ಉಳಿದಿತ್ತು, ಇನ್ನೊಮ್ಮೆ ಹೇಳಿದೆ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಬಾಯಿ ಬಿಡಲಾಗದ ಸಭಿಕರು! ಭಾಷಣಕಾರನಿಗೆ ಇನ್ನೇನು ಬೇಕು?

ಕ್ಲಿನಿಕ್ಕಿನ ಬಾಗಿಲ ಸಂದಿಯಿಂದ ಇಣುಕಿದೆ. "ಯಾವಾಗ ಶುರು ಮಾಡ್ತೀರಮ್ಮಾ?" ಎಂದು ಅಜ್ಜ ಕೇಳುತ್ತಿದ್ದರು. "ಮುಗೀತು ಅಜ್ಜ, ನೋಡಿ" ಎಂದು ಇವಳು ಇಕ್ಕಳದಲ್ಲಿ ಹಲ್ಲು ಎತ್ತಿ ತೋರಿಸಿದಳು! ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಈ ಪವಾಡವನ್ನು ನಾನು ಕಂಡಿರಲಿಲ್ಲ.

ಸಂಜೆ ಕೈಗವಸು ಕಳಚುತ್ತ ಅವಳು ನಕ್ಕಳು. "ಕ್ಲಿನಿಕ್ ಮುಚ್ಚೋ ಮಾತು ಇನ್ನಿಲ್ಲ ರೀ."

ನಾನು ಉಬ್ಬಿಹೋದೆ. "ತಡಿ, ನಕ್ಷೇಲಿ ಜಾಗ ಈಗಲೇ ಸರಿ ಮಾಡ್ತೀನಿ."

"ಅಯ್ಯೋ ಬೇಡ ರೀ! ಎಲ್ಲರೂ ನಿಮ್ಮ ಜೊತೇಲೇ ನಡೆದು ಬರ್ಲಿ."

"ಯಾಕೆ? ನನ್ನ ವಿವರಣೆ ಅಷ್ಟು ಹಿಡಿಸ್ತಾ?"

"ಅಜ್ಜನ ಹತ್ರ, ಹೆದರ್ಬೇಡಿ, ನೋವಾಗದ ಹಾಗೆ ಮರಗಟ್ಟಿಸೋ ಇಂಜೆಕ್ಷನ್ ಕೊಡ್ತೀನಿ ಅಂದೆ. ಅವರು ಏನಂದ್ರು ಗೊತ್ತಾ? 'ನಿಮ್ಮ ಯಜಮಾನ್ರ ಮಾತು ಕೇಳ್ತಾ ಅಷ್ಟು ದೂರ ಬಂದಿದ್ದೀನಿ ತಾಯಿ, ಇನ್ನು ಇಂಜೆಕ್ಷನ್ ಯಾಕೆ? ಹಾಗೇ ಕಿತ್ತುಬಿಡಿ!'"