ಇನ್ನೂ ಎರಡು ಸೀಟಿ

ನಮ್ಮ ಅತ್ತೆಗೆ ಅನ್ನ ಮಾಡಲು ಬರುತ್ತಿರಲಿಲ್ಲ. ಇದು ಚಾಡಿಯಲ್ಲ. ಅದಕ್ಕೆ ಕಾರಣ ಕ್ಯೂಬಾ ದೇಶ!

ಅತ್ತೆ ಅಪ್ಪನ ತಂಗಿ. ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ನಾಶಿಕಕ್ಕೆ ಬಂದವಳು. ಶನಿವಾರ ಸಂಜೆ ದ್ರಾಕ್ಷಿ ತೋಟದ ಹೋಟೆಲೊಂದರಲ್ಲಿ ಹಳೆಯ ಜಾಝ್ ಹಾಡುಗಳನ್ನು ಕ್ಯೂಬಾದ ತಾಳಕ್ಕೆ ಕೂಡಿಸಿ ಹಾಡುತ್ತಿದ್ದಳು. ಭಾನುವಾರ ಸಂಭಾಜಿನಗರದ ನಮ್ಮ ಮನೆಗೆ ಬಂದು ಜೀವ ತಿನ್ನುತ್ತಿದ್ದಳು. ಆ ತಾಳದಲ್ಲಿ ಮೊದಲು ಮೂರು ಏಟು, ಆಮೇಲೆ ಎರಡು. ಬಾಗಿಲು ಬಡಿದರೂ ಹಾಗೇ, ರೊಟ್ಟಿ ಬಡಿದರೂ ಹಾಗೇ. ಕುಕ್ಕರ್ ಮೂರು ಸೀಟಿ ಹೊಡೆದಾಗ ನಾನು ಒಲೆ ಆರಿಸಲು ಹೋದರೆ ಕೈ ಹಿಡಿಯುತ್ತಿದ್ದಳು.

“ತಡಿಯವಾ, ಇನ್ನೂ ಎರಡು ಅವ. ತಾಳ ಅರ್ಧಕ್ಕ ಬಿಡಬಾರದು.”

“ಅನ್ನ ಗಂಜಿ ಆಗ್ತದ, ಅತ್ತೀ!”

“ಆಗಲಿ ಬಿಡು.”

ಅಪ್ಪ ತಟ್ಟೆ ನೋಡಿ ಗುಡುಗುತ್ತಿದ್ದ: “ಇದನ್ನ ತಿನ್ನೂದೋ, ಗ್ವಾಡಿಗೆ ಬಳಿಯೂದೋ?”

ಇದಾದರೂ ಸಹಿಸಬಹುದು. ನನ್ನ ತಮ್ಮನ ಮದುವೆ ವೈಜಾಪುರದಲ್ಲಿ ಗೊತ್ತಾಯಿತು. ಅತ್ತೆ ಫೋನು ಮಾಡಿದಳು: “ಅಣ್ಣಾ, ಮದುವಿಗೆ ಎರಡು ಬೊಲೆರೊ ನನ್ನವು. ಚಿಂತಿ ಬಿಡು!”

ಅಪ್ಪ ಹಿಗ್ಗಿಹೋದ. ದಿಬ್ಬಣಕ್ಕೆ ಹೇಳಿಟ್ಟಿದ್ದ ಗಾಡಿಗಳನ್ನು ಬೇಡವೆಂದ. ಮದುವೆಯ ಬೆಳಿಗ್ಗೆ ಮದುಮಗನ ಸಮೇತ ನಾವೆಲ್ಲ ಬೀದಿಯಲ್ಲಿ ಚೀಲ ಹಿಡಿದು ನಿಂತಿದ್ದರೆ, ಅತ್ತೆ ಆಟೋದಿಂದ ಇಳಿದಳು. ಕೈಯಲ್ಲಿ ತಾಳ ಹಾಕುವ ಎರಡು ಮರದ ಕೋಲು!

“ಬೊಲೆರೊ ಎಲ್ಲಿ ಅವ?” ಎಂದ ಅಪ್ಪ.

“ಗಂಟಲದಾಗ! ಎರಡೂ ಹೊಸಾವು. ಭಾಳ ಚಂದ ವಿರಹದ ಹಾಡು.”

ಬೊಲೆರೊ ಅಂದರೆ ಜೀಪು ಮಾತ್ರವಲ್ಲ, ನಿಧಾನದ ಪ್ರೇಮಗೀತೆಯೂ ಹೌದೆಂದು ನಮ್ಮ ವಂಶಕ್ಕೆ ತಿಳಿದದ್ದು ಆ ಬೀದಿಯಲ್ಲಿ. ಅದರ ಮೇಲೆ, ಮದುವೆಗೆ ಯಾರಾದರೂ ವಿರಹ ತರುತ್ತಾರೆಯೇ?

ಕೊನೆಗೆ ಸಿಕ್ಕಿದ್ದು ಲಾಸಲಗಾಂವ್ ಮಾರುಕಟ್ಟೆಗೆ ಹೊರಟಿದ್ದ ಈರುಳ್ಳಿ ಟೆಂಪೊ. ಮೂಟೆಗಳ ಮೇಲೆ ದಿಬ್ಬಣ ಏರಿತು. ಎಲ್ಲರೂ ಅತ್ತೆಗೆ ಬೆನ್ನು ಹಾಕಿ ಕೂತರು. ಅವಳಿಗೆ ಅದರ ಪರಿವೆ ಎಲ್ಲಿ! ಕೋಲು ತಟ್ಟುತ್ತ ಹಾಡಲು ಶುರುಮಾಡಿದಳು. ಗಂಗಾಪುರದ ಕೂಡುರಸ್ತೆ ದಾಟುವಾಗ ನೋಡುತ್ತೇನೆ, ಅಪ್ಪನ ಕಣ್ಣು ಒದ್ದೆ.

“ಉಳ್ಳಾಗಡ್ಡಿ ಘಾಟು” ಎಂದು ಗೊಣಗಿ ಮುಖ ತಿರುಗಿಸಿದ. ಮೂಟೆಯೊಳಗಿನ ಹೆಚ್ಚದ ಈರುಳ್ಳಿಗೆ ಎಂಥ ಘಾಟು?

ಹೋದ ತಿಂಗಳು ಅತ್ತೆ ತೀರಿಕೊಂಡಳು. ಕರ್ಮಗಳೆಲ್ಲ ಮುಗಿದ ಮರುದಿನ ಅನ್ನಕ್ಕಿಟ್ಟಿದ್ದೆ. ಕುಕ್ಕರ್ ಮೂರು ಸೀಟಿ ಹೊಡೆಯಿತು. ಒಲೆಯತ್ತ ಕೈ ಚಾಚಿದೆ.

ಪಡಸಾಲೆಯಿಂದ ಅಪ್ಪ ಕೂಗಿದ: “ತಡಿ! ಇನ್ನೂ ಎರಡು ಅವ.”

ಎರಡೂ ಬಂದವು. ಗಂಜಿಯಾದ ಆ ಅನ್ನವನ್ನು ಅಪ್ಪ ಮತ್ತೆ ಹಾಕಿಸಿಕೊಂಡು ಉಂಡ. ನಡುವೆ ಕಣ್ಣೊರೆಸಿಕೊಂಡು, “ಉಳ್ಳಾಗಡ್ಡಿ ಘಾಟು” ಎಂದ.

ಸೂತಕ ಕಳೆದ ಮನೆಗೆ ಈರುಳ್ಳಿ ಇನ್ನೂ ಬಂದೇ ಇರಲಿಲ್ಲ.

“ಹೌದಪ್ಪಾ” ಎಂದೆ.