ಬಾವಲಿ ಬಾವ

ನಮ್ಮ ಭಾವನಿಗೆ ‘ಇಲ್ಲ’ ಎಂದಿರುವ ದೇಶಗಳನ್ನೆಲ್ಲ ನಮ್ಮೂರ ಹೈಸ್ಕೂಲಿನ ಗ್ಲೋಬಿನಲ್ಲಿ ಹುಡುಕಿದರೂ ಸಿಗುವುದಿಲ್ಲ! ಸುಮ್ಮನೆ ಹೇಳುತ್ತಿಲ್ಲ, ಹುಡುಕಿ ನೋಡಿದ್ದೇನೆ. ಕೆಲವರು ಒಂದೇ ಸಾಲಿನಲ್ಲಿ ಇಲ್ಲ ಎಂದರು. ಕೆಲವರು ‘ನಿಮ್ಮ ಕಾಳಜಿ ನಮ್ಮ ಮನಸ್ಸು ಮುಟ್ಟಿತು’ ಎಂದು ಬೆಣ್ಣೆ ಹಚ್ಚಿ, ಆಮೇಲೆ ಇಲ್ಲ ಎಂದರು. ಒಂದು ಕಡೆಯವರಂತೂ ನಾವು ಅರ್ಜಿ ಹಾಕುವ ಮೊದಲೇ ಇಲ್ಲ ಎಂದುಬಿಟ್ಟರು. ಅವರಿಗೆ ಭಾವನ ಸುದ್ದಿ ಯಾರು ಮುಟ್ಟಿಸಿದರೋ ದೇವರೇ ಬಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ಎಚ್.ಡಿ. ಕೋಟೆ ಕಡೆಯ ಕಾಡಂಚಿನಿಂದ ರಾವಂದೂರು ಹತ್ತಿರದ ನಮ್ಮ ಹಳ್ಳಿಗೆ ಮನೆ ಅಳಿಯನಾಗಿ ಬಂದವರು. ಮನೆ ಅಳಿಯ ಅಂದ ಮೇಲೆ ಊರಿಗೆಲ್ಲ ಭಾವನೇ ತಾನೆ? ನಮ್ಮೂರ ಗುಂಡುತೋಪಿನಲ್ಲಿ ಒಂದು ಮುದಿ ಗೋಣಿಮರವಿತ್ತು. ಅದರ ತುಂಬ ದೊಡ್ಡ ದೊಡ್ಡ ಬಾವಲಿಗಳು, ರಿಪೇರಿ ಅಂಗಡಿಯಲ್ಲಿ ನೇತುಹಾಕಿದ ಹಳೇ ಕೊಡೆಗಳ ಹಾಗೆ. ಹೊಲದ ಕೆಲಸ ಮುಗಿಸಿ ಭಾವ ಹೋಗಿ ಕೂರುತ್ತಿದ್ದದ್ದು ಅದರ ಕೆಳಗೆ. ಊರಿನವರು ಹೆಸರಿಡಲು ತಿಣುಕಬೇಕೇ? ‘ಬಾವಲಿ ಬಾವ!’ ಕರೆಯುವುದಕ್ಕೂ ಅದೇ, ಆಡಿಕೊಳ್ಳುವುದಕ್ಕೂ ಅದೇ.

ಅಕ್ಕನಿಗೆ ಮಾತ್ರ ಬಾವಲಿ ಅಂದರೆ ಮೈಯೆಲ್ಲ ಉರಿ. ಹೊತ್ತು ಮುಳುಗುವ ಮೊದಲೇ ಒಣಹಾಕಿದ ಬಟ್ಟೆ ಒಳಗೆ ಬರಬೇಕು. ಮರೆತಳೋ, ಬೆಳಿಗ್ಗೆ ಬಿಳೀ ಪಂಚೆಯ ಮೇಲೆ ಬಾವಲಿ ಹಿಕ್ಕೆ! “ದರಿದ್ರವು! ಯಾವ ಸೋಪ್ಗೂ ಬಗ್ಗಲ್ಲ ಇವು ಮಾಡೋ ಕಲೆ!” ಎಂದು ಅವಳು ಕಲ್ಲಿಗೆ ಬಡಿಯಲು ಹೊರಟರೆ, ಭಾವ ಪಂಚೆ ಕಿತ್ತುಕೊಂಡು ಬೆಳಕಿಗೆ ಹಿಡಿಯುತ್ತಿದ್ದರು.

“ಇದು ಅತ್ತಿ ಅಣ್ಣು. ಇಗೋ, ಇದು ಸೀಬೆ, ಬೀಜ ನೋಡು. ಆರ್ತಾ ಆರ್ತಾ ಆಕದಲ್ವಾ, ಅದ್ಕೇ ಬಾಲ ಎಳ್ದಂಗೆ ಉದ್ದುಕ್ಕಿರ್ತದೆ ಕಣಮ್ಮಿ. ದುಂಡ್ಗೆ ಬಿದ್ರೆ ಅದು ಬಾವಲೀದಲ್ಲ.”

ಇಂಥ ಗಂಡನ ಜತೆ ಸಂಸಾರ ಮಾಡುವುದು ಸುಲಭವೇ, ನೀವೇ ಹೇಳಿ!

ಹೀಗೇ ನಡೆದುಕೊಂಡು ಹೋಗಿದ್ದರೆ ಚೆನ್ನಾಗಿತ್ತು. ಕೇರಳದಲ್ಲಿ ಬಾವಲಿಯಿಂದ ಜ್ವರ ಬಂತೆಂದು ಟಿವಿಯವರು ಕಿರುಚಿದರು. ಕೇರಳ ನಮಗೆ ದೂರವೇ? ಕೋಟೆ ದಾಟಿ ಕಾಡು ದಾಟಿದರೆ ಕೇರಳ. ಊರಿನವರು ಸಭೆ ಸೇರಿದರು. ಗೋಣಿಮರ ಕಡಿದು, ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ಸೌದೆಗೆ ಮಾರುವುದು ಎಂದಾಯಿತು. ಭಾವ ಎದ್ದು ನಿಂತರು. ನಮ್ಮೂರಲ್ಲಿ ಬಾವಲಿಯಿಂದ ಯಾರಿಗೆ ಏನಾಗಿದೆ, ಕಾಡಿಗೆ ಬೀಜ ಬಿತ್ತುವ ಪ್ರಾಣಿಗಳವು ಎಂದರು. ಯಾರೂ ಕೇಳಲಿಲ್ಲ. ಕೊನೆಗೆ, ಇಂಥದ್ದನ್ನು ಉಳಿಸುವುದಕ್ಕೆ ಹೊರದೇಶದವರು ದುಡ್ಡು ಕೊಡುತ್ತಾರೆ ಎಂದುಬಿಟ್ಟರು. ಆ ಮಾತು ಆಡಬಾರದಿತ್ತು.

“ಅಂಗಾರೆ ತರ್ಸಿ ಬಾವ,” ಎಂದರು ಊರ ಯಜಮಾನರು. “ಯುಗಾದಿ ಗಂಟ ಟೈಮು. ಫಾರಿನ್ ದುಡ್ಡು ಬತ್ತು ಅಂದ್ರೆ ಮರ ನಿಮ್ದು. ಬರ್ನಿಲ್ಲ ಅಂದ್ರೆ ಸೌದೆಯವ್ನದು.”

ಅಲ್ಲಿಗೆ ನನ್ನ ಭಾನುವಾರಗಳು ಸತ್ತವು. ನಾನು ಹುಣಸೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನು, ಅದೇ ನನ್ನ ಕರ್ಮ! ಹಳೇ ಲ್ಯಾಪ್‌ಟಾಪನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ಭಾವ ಮೊದಲನೇ ಬಸ್ಸಿಗೇ ಬಂದಿಳಿಯುತ್ತಿದ್ದರು. ಅವರು ಹೇಳಬೇಕು, ನಾನು ಇಂಗ್ಲಿಷಿಗೆ ಇಳಿಸಬೇಕು.

“ಭಾವ, ಇದು ಸುಸ್ಥಿರ ಅಭಿವೃದ್ಧಿಗೆ ಹೇಗೆ ನೆರವಾಗುತ್ತದೆ ಅಂತ ಕೇಳಿದ್ದಾರೆ.”

“ಸುಸ್ತಾ? ಊಂ, ಸುಸ್ತೇಯ. ಓಡಾಡಿ ಓಡಾಡಿ ಸುಸ್ತಾಗದೆ ಅಂತ ಬರಿ.”

“ಫಲಾನುಭವಿಗಳು ಯಾರು ಅಂತ ಕೇಳಿದ್ದಾರೆ.”

“ಬಾವಲಿಗೋಳು.”

“ಅದರಲ್ಲಿ ಮಹಿಳೆಯರು ಎಷ್ಟು ಪಾಲು ಅಂತೆ.”

ಭಾವ ಒಂದು ಗಳಿಗೆಯೂ ಯೋಚಿಸಲಿಲ್ಲ. “ಅರ್ಧಕ್ಕರ್ಧ ಎಣ್ಣು ಬಾವಲೀನೇ ಕಣ್ಲಾ. ಮರಿ ಎತ್ಕಂಡು ಆರ್ತವೆ, ಅದ್ನೂ ಬರಿ. ಎಣ್ಮಕ್ಳ ಕಷ್ಟ ಅವರ್ಗೂ ತಿಳೀಲಿ.”

ಹಣ ಪಡೆಯಲು ನೋಂದಾಯಿತ ಟ್ರಸ್ಟ್ ಬೇಕು ಎಂದರು. ಪಿರಿಯಾಪಟ್ಟಣಕ್ಕೆ ಹೋಗಿ ಟ್ರಸ್ಟ್ ಮಾಡಿಸಿದೆವು. ಅಧ್ಯಕ್ಷರು ಭಾವ, ಕಾರ್ಯದರ್ಶಿ ನಾನು, ಖಜಾಂಚಿ ಅಕ್ಕ. ಬಾವಲಿಗಳಿಗೆ ಹಿಡಿಶಾಪ ಹಾಕುತ್ತಲೇ ಅಕ್ಕ ಸಹಿ ಹಾಕಿದಳು. ಆಮೇಲೆ ತಿಳಿಯಿತು, ವಿದೇಶಿ ಹಣಕ್ಕೆ ದಿಲ್ಲಿಯವರ ಅಪ್ಪಣೆ ಬೇಕಂತೆ, ಅದಕ್ಕೆ ಟ್ರಸ್ಟಿಗೆ ಮೂರು ವರ್ಷವಾದರೂ ಆಗಿರಬೇಕಂತೆ. “ಮರುಕ್ಕೆ ಇನ್ನೂರು ವರ್ಸ ಆಗದಲ್ಲೋ, ಅದು ಸಾಲಾಕಿಲ್ವಾ?” ಎಂದು ಭಾವ ನನ್ನನ್ನೇ ದಬಾಯಿಸಿದರು. ನಾನೇನು ದಿಲ್ಲಿಯೇ?

ಇನ್ನೊಂದು ಸಂಸ್ಥೆಯವರು, ಯೋಜನೆ ಮುಗಿದ ಮೇಲೆ ನೀವು ಹೇಗೆ ನಿರ್ಗಮಿಸುತ್ತೀರಿ ಎಂದು ಕೇಳಿದ್ದರು. ಭಾವನಿಗೆ ನಿಜವಾಗಿಯೂ ನೋವಾಯಿತು. “ಮರ ಬುಟ್ಟು ನಾನೆಲ್ಗೋಗ್ಲಿ? ನಾಕು ಜನ ಒತ್ಕಂಡು ಓಗ್ಬೇಕು, ಅಷ್ಟೇಯ. ಅಂಗೇ ಬರಿ.” ಹಾಗೇ ಬರೆದೆ. ‘ನಿಮ್ಮದು ಬಹಳ ದೀರ್ಘಾವಧಿಯ ದೃಷ್ಟಿ’ ಎಂದು ಹೊಗಳಿ, ಇಲ್ಲ ಎಂದರು.

ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು. ಸೌದೆ ವ್ಯಾಪಾರಿ ಬಂದು ಮರದ ಸುತ್ತಳತೆ ನೋಡಿಕೊಂಡು ಹೋದ. ಅಂಥ ಹೊತ್ತಿನಲ್ಲಿ ಒಂದು ಸಂಸ್ಥೆಯವರು ‘ಇಲ್ಲ’ ಎನ್ನಲಿಲ್ಲ! ತಮ್ಮ ಬೆಂಗಳೂರಿನ ಶಾಖೆಯ ಮೂಲಕವೇ ಖರ್ಚು ನೋಡಿಕೊಳ್ಳುತ್ತೇವೆ, ಮೊದಲು ಜಾಗ ನೋಡಬೇಕು ಎಂದರು. ಶಾಖೆಯ ಮೇಡಂ ಒಬ್ಬರು, ಜತೆಗೆ ಒಬ್ಬ ಬಿಳಿಯ ಸಾಹೇಬರು, ಯುಗಾದಿಗೆ ನಾಲ್ಕು ದಿನ ಮುಂಚೆ ಬರುವುದೆಂದಾಯಿತು.

ಭಾವ ಕ್ಷೌರ ಮಾಡಿಸಿಕೊಂಡರು. ಅಕ್ಕ ಬೈದುಕೊಂಡೇ ಹೋಳಿಗೆ ಮಾಡಿದಳು. ಊರಿನವರೆಲ್ಲ ತೋಪಿನಲ್ಲಿ ಬಂದು ಕೂತರು. ಮಧ್ಯಾಹ್ನ ಬರಬೇಕಾದವರು ಸಂಜೆಯಾಗುತ್ತ ಬಂದರೂ ಇಲ್ಲ. ಕೊನೆಗೆ ಭಾವನ ಫೋನು ಬಡಿದುಕೊಂಡಿತು. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದರು.

“ಸರ್, ನಾವು ಬಾವಲಿಗೆ ಬಂದಿದ್ದೀವಿ. ನೀವೆಲ್ಲಿದ್ದೀರಿ?”

“ನಾನೂ ಬಾವಲಿ ತಾವೇ ನಿಂತಿವ್ನಿ ಮೇಡಂ!”

“ಇಲ್ಲಿ ಯಾರೂ ಕಾಣ್ತಿಲ್ವಲ್ಲ ಸರ್?”

“ತಲೆ ಎತ್ತಿ ಮ್ಯಾಲೆ ನೋಡಿ ಮೇಡಂ, ಏಸೊಂದವೆ!”

“ಮೇಲೆ ಆಕಾಶ ಇದೆ ಸರ್. ಮುಂದೆ ಚೆಕ್‌ಪೋಸ್ಟ್ ಇದೆ.”

ಚೆಕ್‌ಪೋಸ್ಟೇ? ಕೆಟ್ಟೆವು! ಕೋಟೆ ತಾಲ್ಲೂಕಿನ ಆಚೆ ತುದಿಯಲ್ಲಿ, ಕೇರಳದ ಗಡಿಯಲ್ಲಿ, ಬಾವಲಿ ಎಂಬ ಊರೇ ಇದೆ! ನಾನು ಅರ್ಜಿಯ ತಲೆಯ ಮೇಲೆ ಬಾವಲಿಗೆ ಇಂಗ್ಲಿಷಿನಲ್ಲಿ ‘ಬ್ಯಾಟ್’ ಎಂದೇ ಬರೆದಿದ್ದೆ. “ಬ್ಯಾಟು ಅಂದ್ರೆ ಕ್ರಿಕೆಟ್ ಬ್ಯಾಟು ಅನ್ಕೋತರೆ ಕಣ್ಲಾ, ಬಾವಲಿ ಅಂತ್ಲೇ ಇರ್ಲಿ,” ಎಂದು ಹೊಡೆದು ಹಾಕಿಸಿದವರು ಭಾವನೇ. ‘ಸೇವ್ ಬಾವಲಿ’ ಎಂದಿದ್ದನ್ನು ನೋಡಿ ಡ್ರೈವರು ಫೋನಿನಲ್ಲಿ ಬಾವಲಿಗೆ ದಾರಿ ಕೇಳಿದ್ದಾನೆ, ಫೋನು ನಿಯತ್ತಾಗಿ ತೋರಿಸಿದೆ. ಭಾವನ ಸ್ವಂತ ಊರು ಆ ದಾರಿಯಲ್ಲೇ ಇದೆ. ಅವರಿಗೇ ಹೊಳೆಯಲಿಲ್ಲವಲ್ಲ! ಇದಕ್ಕೆ ನಗಬೇಕೋ ಅಳಬೇಕೋ?

ಊರಿನವರು ನಕ್ಕರು. ಬಿದ್ದು ಬಿದ್ದು ನಕ್ಕರು. ಕತ್ತಲಾಗುತ್ತಲೇ ಕಾಡಿನ ರಸ್ತೆಯ ಗೇಟು ಹಾಕುತ್ತಾರೆ. ಅವರು ವಾಪಸು ಬರಲಾಗದೆ ಕೇರಳದ ಕಡೆಗೇ ಇಳಿದು, ಅಲ್ಲಿಂದಲೇ ವಿಮಾನ ಹತ್ತಿದರು. ‘ಸ್ಥಳ ಪರಿಶೀಲನೆ ಸಾಧ್ಯವಾಗದ ಕಾರಣ’ ಎಂದು ಶುರುವಾದ ಉತ್ತರವನ್ನು ನಾನು ಪೂರ್ತಿ ಓದಿ ಹೇಳಲಿಲ್ಲ. ಭಾವನೂ ಕೇಳಲಿಲ್ಲ. ಇಷ್ಟು ‘ಇಲ್ಲ’ಗಳನ್ನು ಕೇಳಿದ ಮನುಷ್ಯನಿಗೆ ಮುಖ ನೋಡಿದರೆ ಸಾಕು.

ಬೇವು ಬೆಲ್ಲ ತಿಂದ ಬಾಯಿ ಆರುವ ಮೊದಲೇ ತೋಪಿಗೆ ಗರಗಸದ ಮಿಷನ್ನು ಬಂತು. ಬಾವಲಿಗಳು ಹಾಡಹಗಲೇ ಎದ್ದು, ಕಣ್ಣು ಕಾಣದವರಂತೆ ಊರ ಮೇಲೆ ಸುತ್ತಿದವು. ಮರ ಬಿದ್ದ ಮೇಲೂ ಮರವಿದ್ದ ಜಾಗಕ್ಕೇ ಇಳಿಯಲು ನೋಡುತ್ತಿದ್ದವು. ಭಾವ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಅವತ್ತು ನಗುವವರು ಯಾರೂ ಇರಲಿಲ್ಲ. ಸಂಜೆಗೆ ಎಲ್ಲವೂ ಪಡುವಣದ ಕಡೆ ಹೋದವು, ಮತ್ತೆ ಬರಲಿಲ್ಲ.

ಆಮೇಲೆ ಭಾವ ಹುಣಸೂರಿಗೆ ಬರಲಿಲ್ಲ. ನನಗೆ ಭಾನುವಾರಗಳು ವಾಪಸು ಸಿಕ್ಕವು. ಯಾವನಿಗೆ ಬೇಕಿತ್ತು? ಕೊನೆಗೆ ಮುಂಗಾರು ಶುರುವಾಗುವ ಹೊತ್ತಿಗೆ ನಾನೇ ಊರಿಗೆ ಹೋದೆ. ಭಾವ ಹೊಲಕ್ಕೆ ಹೋಗುವುದನ್ನು ಬಿಟ್ಟಿದ್ದರು. ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರೆ ಊಟಕ್ಕೂ ಏಳರು, ಮಾತಂತೂ ಇಲ್ಲವೇ ಇಲ್ಲ. “ಅವು ಓದ್ವು, ಇವ್ರೂ ಓಯ್ತಾರೆ ಅನ್ನುಸ್ತದೆ ಕಣೋ,” ಎಂದು ಅಕ್ಕ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡಳು. ಹೊತ್ತು ಮುಳುಗಿತು. ಹಿತ್ತಲಿನ ತಂತಿಯ ಮೇಲೆ ಭಾವನ ಬಿಳೀ ಪಂಚೆ ಹಾಗೇ ಇತ್ತು. ಯಾಕೆ ಒಳಗೆ ತರಲಿಲ್ಲ ಎಂದೆ. “ಇರ್ಲಿ ಬುಡು,” ಎಂದಳು.

ಬೆಳಿಗ್ಗೆ ನಾನು ಜಗಲಿಯಲ್ಲಿ ಕಾಫಿ ಹೀರುತ್ತಿದ್ದೆ. ಹಿತ್ತಲಿಂದ ಅಕ್ಕನ ಕೂಗು ಊರಿಗೆಲ್ಲ ಕೇಳಿಸಿತು.

“ದರಿದ್ರವು! ಒಗ್ದಿರೋ ಪಂಚೆ ಆಳ್ಮಾಡವಲ್ರೀ! ರೀ, ಎದ್ ನೋಡ್ರೀ, ಬಂದವೆ ಕಣ್ರೀ!”

ಭಾವ ಎದ್ದು ಕೂತರು. ಅಕ್ಕ ಓಡಿಬಂದು ಪಂಚೆಯನ್ನು ಅವರ ಮಡಿಲಿಗೆ ಹಾಕಿದಳು. ನಟ್ಟನಡುವೆ ನೇರಳೆ ಹಣ್ಣಿನ ಕಲೆ. ಭಾವ ಎಂದಿನಂತೆ ಅದನ್ನು ಬೆಳಕಿಗೆ ಹಿಡಿದರು. ಕಲೆ ರೂಪಾಯಿಯ ಹಾಗೆ ದುಂಡಗಿತ್ತು. ಬಾಲವಿರಲಿಲ್ಲ.

ಭಾವ ಪಂಚೆ ಇಳಿಸಿ ಅಕ್ಕನ ಕಡೆ ನೋಡಿದರು. ಅವಳ ಬೆರಳ ತುದಿಗಳೆಲ್ಲ ನೇರಳೆ ಬಣ್ಣ. ನಾನೂ ನೋಡಿದೆ. ಅಯ್ಯೋ ಅಕ್ಕ, ಕೈ ತೊಳೆದುಕೊಂಡಾದರೂ ಬರಬಾರದಿತ್ತೇ! ಭಾವ ಪಂಚೆಯನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡರು. ಅವರ ಕಣ್ಣು ತುಂಬಿತು.

“ಊಂ ಕಣಮ್ಮಿ, ಬಂದದೆ,” ಎಂದರು. “ಒಂದೇ ಒಂದು. ಎಣ್ಣು ಬಾವಲಿ.”